ಕಾಲಲ್ಲಿ ದಾರಿ ಸಿಗಲಿಲ್ಲ

ಭಾಲ್ಕಿಯಲ್ಲಿ ಒಂದು ಕುಬಸದ ಮನೆ, ಬಸುರಿಯ ಸೀಮಂತ. ಮಹಡಿಗೆ ಹದಿನಾಲ್ಕು ಮೆಟ್ಟಿಲು. ಕೈಯಲ್ಲಿ ರವಿಕೆಯ ಖಣ, ತೆಂಗಿನಕಾಯಿ ಇಟ್ಟ ತಟ್ಟೆ. ಒಂಬತ್ತನೆಯ ಮೆಟ್ಟಿಲಲ್ಲಿ ಮೊದಲು ಕಾಲು ನಿಂತವು. ಆಮೇಲೆ ಉಸಿರು. ಆಮೇಲೆ ಏನಾಯಿತೋ ನೆನಪಿಲ್ಲ.

ಕಣ್ಣು ತೆರೆದಾಗ ನನ್ನ ತಲೆ ಸುಲೋಚನಾಳ ತೊಡೆಯ ಮೇಲಿತ್ತು. ಸುಲೋಚನಾ ನನ್ನ ನಾದಿನಿ, ಗಂಡನ ತಂಗಿ. ಇಪ್ಪತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡು ಭಾಲ್ಕಿಯಿಂದ ಬೀದರಿನ ನಮ್ಮ ಮನೆಗೆ ಬಂದವಳು. ಇಲ್ಲೇ ಎಪ್ಪತ್ತು ದಾಟಿದಳು.

"ವೈನಿ, ಬೆಳಿಗ್ಗೆ ಏನೂ ತಿಂದಿಲ್ಲೇನು?"

"ತಿಂದೀನಿ."

"ಮತ್ತ ಯಾಕ ಬಿದ್ದಿ? ಕಾಯಿ ಉರುಳಿ ಕೆಳಗ ಹೋಗಿ ಒಡೀತು. ಮಂದಿ ಅಪಶಕುನ ಅಂತ ಗುಜುಗುಜು ಶುರು ಮಾಡಿದ್ರು. ನಾ ಅಂದೆ, ಎಪ್ಪತ್ತಾರು ವರ್ಷದಾಕಿ ಬಿದ್ದಾಳ, ಕಾಯಿ ಆಮ್ಯಾಲ ನೋಡ್ರಿ, ಮೊದಲ ಆಕಿಗಿ ನೀರು ಕೊಡ್ರಿ."

ಕಾಲು ನೋಯುವುದು ನನಗೆ ಹೊಸದಲ್ಲ. ನಾಲ್ಕು ವರ್ಷದಿಂದ ಊರ ನಡುವಿನ ಚೌಬಾರಾದವರೆಗೆ ನಡೆದರೆ ಮೀನಖಂಡ ಹಿಡಿಯುತ್ತಿತ್ತು. ನಿಂತರೆ ಬಿಡುತ್ತಿತ್ತು. ವಾತ ಎಂದುಕೊಂಡಿದ್ದೆ. ಉಸಿರಿನ ವಿಷಯದಲ್ಲಿ ಮಾತ್ರ ನನಗೊಂದು ಪ್ರೈಡ್ ಇತ್ತು. ಹೈದರಾಬಾದಿನ ಕಾನ್ವೆಂಟಿನಲ್ಲಿ ಕ್ವಾಯರ್‌ನಲ್ಲಿ ಹಾಡುತ್ತಿದ್ದವಳು ನಾನು. ಒಂದು ಸಾಲನ್ನು ನಡುವೆ ಉಸಿರು ತೆಗೆಯದೆ ಮುಗಿಸಿದರೆ ನಮ್ಮ ಸಿಸ್ಟರ್ ತುಟಿಯಂಚಿನಲ್ಲಿ ನಗುತ್ತಿದ್ದರು. ಆ ನಗುವಿಗಾಗಿ ಹನ್ನೆರಡು ವರ್ಷದ ಹುಡುಗಿ ಏನು ಬೇಕಾದರೂ ಮಾಡುತ್ತಿದ್ದಳು. ಆಮೇಲೆ ಬೀದರಿನ ಶಾಲೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೆ, ಮೈಕ್ ಇಲ್ಲದೆ. ಈಗ ಸೆರಗು ಸರಿಪಡಿಸಿಕೊಂಡರೂ ಏದುಸಿರು.

ಬೀದರಿನ ನಮ್ಮ ಡಾಕ್ಟರ್ ಎಕೋ ಮಾಡಿ ಸ್ವಲ್ಪ ಹೊತ್ತು ಸ್ಕ್ರೀನ್ ನೋಡುತ್ತಲೇ ಇದ್ದರು. ಹಳೆಯ ಪರಿಚಯ, ದಖ್ಖನಿಯಲ್ಲೇ ಮಾತು. "ಮೇಡಂ, ದಿಲ್ ಕಾ ದರ್ವಾಜಾ ತಂಗ್ ಹೋಗಯಾ," ಎಂದರು. ಆಮೇಲೆ ಕನ್ನಡದಲ್ಲಿ ಬಿಡಿಸಿ ಹೇಳಿದರು: "ರಕ್ತ ಹೊರಗ ಹೋಗೋ ವಾಲ್ವ್ ಸುಣ್ಣಗಟ್ಟ್ಯಾದ್ರಿ. ಪೂರಾ ತೆರೀವಲ್ತು. ಅದಕ್ಕೇ ಬಿದ್ದೀರಿ. ಔಷಧದಿಂದ ಹೋಗೂದಲ್ಲ ಇದು. ಹೈದರಾಬಾದಿಗೆ ಹೋಗ್ರಿ, ತಡಾ ಮಾಡಬ್ಯಾಡ್ರಿ."

ಅಯೋರ್ಟಿಕ್ ಸ್ಟೆನೋಸಿಸ್, ಸಿವಿಯರ್. ನಾನೇ ರಿಪೋರ್ಟ್ ಓದಿಕೊಂಡೆ.

ಮಗಳು ವೀಣಾ ಬೀದರಿನಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ರಜೆ ಹಾಕಿ ಕಾರಿನಲ್ಲಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಸುಲೂ ಬಿಟ್ಟಿರಲಾರಳು. ಅವಳಿಲ್ಲದೆ ನಾನೂ ಎಲ್ಲಿಗೂ ಹೋದವಳಲ್ಲ.

ಹೈದರಾಬಾದಿನ ಆ ಆಸ್ಪತ್ರೆಯಲ್ಲಿ ಒಬ್ಬ ಜೂನಿಯರ್ ಡಾಕ್ಟರ್ ಹಿಸ್ಟರಿ ಬರೆದುಕೊಳ್ಳಲು ಬಂದ. ಶುಗರ್? ಇದೆ, ಇಪ್ಪತ್ತು ವರ್ಷದಿಂದ. ಬೀಪಿ? ಇದೆ. ಸ್ಮೋಕಿಂಗ್? ಟೊಬ್ಯಾಕೋ ಇನ್ ಎನಿ ಫಾರ್ಮ್?

"ಡು ಐ ಲುಕ್ ಲೈಕ್ ಇಟ್?" ಎಂದೆ. ಅವನು ನಕ್ಕ. ನೋ ಎಂದು ಬರೆದ. ನಾನೂ ನಕ್ಕೆ. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಸುಲೂ ನೆಲ ನೋಡುತ್ತಿದ್ದಳು.

ಇಲ್ಲಿ ನಾನು ಮಿಸ್ರಿಯ ಮಾತು ಹೇಳಲೇಬೇಕು.

ಮದುವೆಯಾಗಿ ಔರಾದಿನ ಅತ್ತೆಯ ಮನೆಗೆ ಬಂದಾಗ ನನಗೆ ಇಪ್ಪತ್ತೊಂದು. ಬಂದ ಆರು ತಿಂಗಳಿಗೆ ಹಲ್ಲುನೋವು. ಅತ್ತೆ ತಂಬಾಕಿನ ಎಲೆಯನ್ನು ತವೆಯ ಮೇಲೆ ಕಪ್ಪಗೆ ಹುರಿದು, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ತಾವೇ ನನ್ನ ಒಸಡಿಗೆ ಹಚ್ಚಿದರು. ಅದೇ ಮಿಸ್ರಿ. "ನುಂಗಬ್ಯಾಡ. ಸುಮ್ಮನ ಕೂಡು. ನೋವು ಎಲ್ಲಿಂದ ಬಂತೋ ಅಲ್ಲೇ ಹೋಗ್ತದ." ತಲೆ ತಿರುಗಿತು. ನೋವು ಹೋಯಿತು. ಆ ಮನೆಯಲ್ಲಿ ನನ್ನನ್ನು ಯಾರಾದರೂ ಪ್ರೀತಿಯಿಂದ ಮುಟ್ಟಿದ್ದು ಅದೇ ಮೊದಲು. ಹದಿನಾರು ವರ್ಷದ ಸುಲೂ ಪಕ್ಕದಲ್ಲಿ ಕೂತು ತಾನೂ ಒಂದು ಚಿಟಿಕೆ ಕದ್ದಳು.

ಅಂದಿನಿಂದ ನಾವಿಬ್ಬರೂ ಬಿಡಲಿಲ್ಲ. ಬೀದರಿಗೆ ಬಂದ ಮೇಲೂ ಬೆಳಗಿನ ಅರ್ಧ ತಾಸು ಹಿತ್ತಲ ಕಟ್ಟೆ ನಮ್ಮದು. ಬೆರಳ ತುದಿಯಲ್ಲಿ ಮಿಸ್ರಿ, ಬಾಯಲ್ಲಿ ಮಾತು. ಟಾಲ್ಕಂ ಪೌಡರಿನ ಹಳೆಯ ಡಬ್ಬಿಯಲ್ಲಿ ತುಂಬಿಸಿ ಕಪಾಟಿನಲ್ಲಿ ಇಡುತ್ತಿದ್ದೆ. ಶಾಲೆಗೆ ಹೊರಡುವ ಮುನ್ನ ಪೇಸ್ಟ್ ಹಚ್ಚಿ ಎರಡು ಸಲ ಬ್ರಶ್ ಮಾಡಿ, ಏಲಕ್ಕಿ ಹಾಕಿಕೊಳ್ಳುತ್ತಿದ್ದೆ. ಗಂಡನಿಗೆ ಗೊತ್ತಿತ್ತೋ ಏನೋ, ತೀರಿಹೋಗುವವರೆಗೂ ಕೇಳಲಿಲ್ಲ. ವೀಣಾಗೆ ಗೊತ್ತಿರಲಿಲ್ಲ. ಯಾರಿಗೂ ಹೇಳಕೂಡದೆಂದು ನಾನೂ ಸುಲೂನೂ ಆಣೆ ಹಾಕಿಕೊಂಡಿದ್ದೆವು.

ಆ ಹುಡುಗ ಟೊಬ್ಯಾಕೋ ಎಂದಾಗ ನನ್ನ ಕಣ್ಣ ಮುಂದೆ ಬಂದದ್ದು ಬಸ್ ಸ್ಟ್ಯಾಂಡಿನಲ್ಲಿ ಗುಟ್ಕಾ ಉಗುಳುವ ಗಂಡಸರು. ನಮ್ಮ ಕಡೆ ಹೆಂಗಸರಿಗೆ ಮಿಸ್ರಿ ಎಂದರೆ ಹಲ್ಲು ತಿಕ್ಕುವುದು, ಅಷ್ಟೆ. ನನ್ನ ಉತ್ತರ ಅರ್ಧ ನಂಬಿಕೆ, ಅರ್ಧ ಸುಳ್ಳು. ಎಷ್ಟು ಯಾವುದು ಎಂದು ಇವತ್ತಿಗೂ ನನಗೆ ಬಿಡಿಸಲು ಬರುವುದಿಲ್ಲ.

ಸೀಟಿ ಆಂಜಿಯೋ ಆಯಿತು. ಹಾರ್ಟ್ ಡಾಕ್ಟರ್ ನಮ್ಮ ಮೂವರನ್ನೂ ಕೂರಿಸಿಕೊಂಡು ಕಂಪ್ಯೂಟರ್ ತಿರುಗಿಸಿ ಇಂಗ್ಲಿಷಿನಲ್ಲಿ ಬಿಡಿಸಿ ತೋರಿಸಿದರು. ಎದೆ ಸೀಳಿ ಮಾಡುವ ಆಪರೇಶನ್ ನನ್ನ ವಯಸ್ಸಿಗೆ, ಶುಗರ್ ಕೆಡಿಸಿದ ನನ್ನ ಕಿಡ್ನಿಗೆ ತಡೆಯುವುದಿಲ್ಲ. ಅದಕ್ಕೇ ಟಾವಿ. ಹೊಸ ವಾಲ್ವನ್ನು ಮಡಚಿ ಕ್ಯಾಥೆಟರ್ ಎಂಬ ಸಣ್ಣ ಕೊಳವೆಯಲ್ಲಿ ಇಟ್ಟು, ತೊಡೆಯ ರಕ್ತನಾಳದಿಂದ ಮೇಲಕ್ಕೆ ತಳ್ಳಿ, ಹೃದಯದಲ್ಲಿ ಅರಳಿಸುತ್ತಾರೆ. ಬಹಳ ಮಂದಿಗೆ ಹಾಗೇ ಮಾಡುವುದು.

"ಆದರೆ ನಿಮ್ಮ ಕಾಲಲ್ಲಿ ದಾರಿ ಇಲ್ಲ," ಎಂದರು.

ಎರಡೂ ತೊಡೆಯ ನಾಳಗಳು ಸಣ್ಣಗೆ, ಅಂಕುಡೊಂಕಾಗಿ, ಒಳಗೆಲ್ಲ ಸುಣ್ಣ ಕಟ್ಟಿಕೊಂಡು ಸ್ಕ್ರೀನಿನ ಮೇಲೆ ಬೆಳ್ಳಗೆ ಹೊಳೆಯುತ್ತಿದ್ದವು. ಬಲೂನ್ ಹಾಕಿ ಹಿಗ್ಗಿಸಲು ಹೋದರೆ ಹರಿಯಬಹುದು. ಭುಜದ ಕೆಳಗಿನದೂ ಚೆನ್ನಾಗಿಲ್ಲ. ಉಳಿದದ್ದು ಕತ್ತಿನ ಎಡಗಡೆಯ ನಾಳ, ಮಿದುಳಿಗೆ ರಕ್ತ ಒಯ್ಯುವುದು. ಅಲ್ಲಿಂದ ಮಾಡಬಹುದು. ಸ್ಟ್ರೋಕಿನ ಭಯ ಇದ್ದೇ ಇದೆ. ಮಾಡದಿದ್ದರೆ ಇನ್ನೊಂದು ಸಲ ಬಿದ್ದಾಗ ಏಳದೇ ಇರಬಹುದು.

ಅವರು ಫೈಲ್ ಮತ್ತೆ ತಿರುವಿದರು. "ತಂಬಾಕು ಇಲ್ಲ ಅಂತ ಬರೆದಿದೆ. ಶುಗರ್ ಒಂದರಿಂದಲೇ ಇಷ್ಟು..." ಎಂದು ನಿಲ್ಲಿಸಿದರು. ನನ್ನನ್ನು ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. ಕಾನ್ವೆಂಟಿನಲ್ಲಿ ಅದನ್ನೂ ಕಲಿಸಿದ್ದರು.

ವಾಲ್ವ್ ಹಾಕುವ ಮುಂಚೆ ಡೆಂಟಲ್ ಕ್ಲಿಯರೆನ್ಸ್ ಬೇಕು. ಬಾಯಲ್ಲಿ ಕೀವು, ಸೋಂಕು ಇದ್ದರೆ ಅದು ರಕ್ತದಲ್ಲಿ ಹೋಗಿ ಹೊಸ ವಾಲ್ವಿನ ಮೇಲೆ ಕೂರುತ್ತದಂತೆ. ನಿಮ್ಮ ಊರಲ್ಲೇ ತೋರಿಸಿಕೊಂಡು ಬೇಗ ಬನ್ನಿ ಎಂದರು.

ಬೀದರಿಗೆ ವಾಪಸಾದೆವು. ವೀಣಾ ಒಬ್ಬ ಡೆಂಟಿಸ್ಟ್ ಹೆಸರು ಹೇಳಿದಳು. ಸುಲೂ ಕೂಡಲೇ ಅಂದಳು, "ಅಲ್ಲಿ ಬ್ಯಾಡ. ಆಕಿ ಭಾಳ ಹೊತ್ತು ಕೂಡಸ್ತಾಳ. ಬ್ಯಾರೆ ಕಡೆ ಹೋಗೋಣು."

"ನಿನಗ ಹ್ಯಾಂಗ ಗೊತ್ತು ಅತ್ತಿ?" ಎಂದು ವೀಣಾ ಕೇಳಿದಳು.

"ಮಂದಿ ಅಂತಾರ."

ಅಲ್ಲಿಗೇ ಹೋದೆವು. ವೀಣಾ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಳು. ನಾವಿಬ್ಬರೂ ಒಳಗೆ ಕಾಲಿಟ್ಟೆವು. ಡಾಕ್ಟರಮ್ಮ ತಲೆಯೆತ್ತಿದರು. ನನ್ನನ್ನಲ್ಲ, ಸುಲೂನನ್ನು ನೋಡಿ ನಕ್ಕರು.

"ಏನ್ರಿ ಸುಲೋಚನಾಬಾಯಿ, ಮುಖಾನೇ ತೋರಸಲಿಲ್ಲ ನೀವು? ಆರು ವರ್ಷ ಆತಲ್ರಿ. ಮಿಸ್ರಿ ಮತ್ತ ಹಿಡಿದಿಲ್ಲಲ್ಲ?"

"ಇಲ್ರಿ," ಎಂದಳು ಸುಲೂ.

ನಾನು ಮನಸ್ಸಿನಲ್ಲೇ ನಕ್ಕೆ. ಅಂದು ಬೆಳಿಗ್ಗೆಯಷ್ಟೇ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಕಪ್ಪು ಬೆರಳು ಬಾಯಲ್ಲಿ ಇಟ್ಟುಕೊಂಡಿದ್ದವಳು. ನನ್ನ ಹಾಗೇ ಡಾಕ್ಟರಿಗೆ ಸುಳ್ಳು ಹೇಳುತ್ತಿದ್ದಾಳೆ, ಭೇಷ್ ಎಂದುಕೊಂಡೆ.

ಕುರ್ಚಿಯಲ್ಲಿ ಒರಗಿಸಿ ಬಾಯಿಗೆ ಲೈಟ್ ಹಿಡಿದರು. ಕೆಳತುಟಿ ಮಡಚಿ ನೋಡಿದರು.

"ತಂಬಾಕು ಏನರ ಹಚ್ಚತೀರೇನ್ರಿ?"

"ನೆವರ್," ಎಂದೆ.

"ಹಚ್ಚತಾಳ್ರಿ ಡಾಕ್ಟರಮ್ಮ," ಎಂದಳು ಸುಲೂ. "ಮಿಸ್ರಿ. ಐವತ್ತು ವರ್ಷದ ಮ್ಯಾಲಾತು. ದಿನಾ ಮೂರು ಸಲ. ಆ ಹೈದರಾಬಾದಿನ ಕಾಗದದಾಗ ಇಲ್ಲ ಅಂತ ಬರಸ್ಯಾಳ. ಅದು ಸುಳ್ಳ."

ಅಷ್ಟರಲ್ಲಿ ವೀಣಾ ಬಾಗಿಲಲ್ಲಿ ನಿಂತಿದ್ದಳು.

ನನ್ನ ಬಾಯಲ್ಲಿ ಇನ್ನೂ ಕನ್ನಡಿ ಇತ್ತು. ಮುಚ್ಚಲೂ ಆಗಲಿಲ್ಲ, ಮಾತಾಡಲೂ ಆಗಲಿಲ್ಲ.

ತುಟಿಯ ಒಳಗೆ ಬಿಳಿಯ ಮಚ್ಚೆ. ಬಯಾಪ್ಸಿ ಮಾಡಲೇಬೇಕು. ಅಲುಗಾಡುವ ಎರಡು ಹಲ್ಲು ಕೀಳಬೇಕು. ರಿಪೋರ್ಟ್ ಬಂದು ಗಾಯ ಒಣಗುವವರೆಗೆ ವಾಲ್ವ್ ಇಲ್ಲ. ಮೂರು ವಾರ. ನನ್ನ ಹೃದಯಕ್ಕೆ ಮೂರು ವಾರ ಇದೆಯೋ ಇಲ್ಲವೋ ಯಾರಿಗೆ ಗೊತ್ತು?

ಮನೆಗೆ ಬಂದ ಮೇಲೆ ವೀಣಾ ಕಪಾಟು ತೆರೆದು ಪೌಡರ್ ಡಬ್ಬಿ ಮೂಸಿ ನೋಡಿದಳು. "ಮಮ್ಮಿ, ಪೆನ್ಸಿಲ್ ಕಚ್ಚಿದ್ದಕ್ಕ ನನಗ ಸ್ಕೇಲಿನಿಂದ ಹೊಡಿದಿದ್ದಿ ನೀ," ಎಂದಳು. ಅಷ್ಟೇ. ಡಬ್ಬಿ ತಗೊಂಡು ಹೋದಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಹೈದರಾಬಾದಿಗೆ ಫೋನ್ ಮಾಡಿ ಅವಳೇ ಹೇಳಿದಳು. ಡಾಕ್ಟರು ಬೈಯಲಿಲ್ಲ. ಶುಗರ್, ವಯಸ್ಸು, ಬೀಪಿ, ತಂಬಾಕು, ಯಾವುದು ಎಷ್ಟು ಕೆಡಿಸಿತು ಎಂದು ಬೇರೆ ಬೇರೆ ಮಾಡಿ ಹೇಳಲಾಗುವುದಿಲ್ಲ, ಇವತ್ತಿನಿಂದ ಪೂರ್ತಿ ನಿಲ್ಲಿಸಬೇಕು ಎಂದರಂತೆ.

ಸುಲೂ ಹೊಸ್ತಿಲ ಹತ್ತಿರ ನಿಂತಿದ್ದಳು.

"ಆರು ವರ್ಷದಿಂದ ಬೆರಳಿಗೆ ಏನು ಹಚ್ಕೋತಿದ್ದಿ ನೀ?" ಎಂದು ಕೇಳಿದೆ.

"ಇದ್ದಲಿ ಪುಡಿ. ಉಪ್ಪು ಕೂಡಿಸಿದ್ದು."

ಬರೀ ಇದ್ದಲಿ.

ಆರು ವರ್ಷ ನಾನು ಒಬ್ಬಳೇ ವಿಷ ಹಚ್ಚಿಕೊಂಡು ಕೂತಿದ್ದೆ. ಅವಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಅವಳಿಗೂ ಬಿಳಿ ಮಚ್ಚೆ ಬಂದಿತ್ತಂತೆ, ಬಯಾಪ್ಸಿ ಆಗಿತ್ತಂತೆ, ಕ್ಯಾನ್ಸರ್ ಅಲ್ಲವೆಂದು ಗೊತ್ತಾಗಿ ಬಿಟ್ಟಳಂತೆ. ತಾನು ದಡ ಸೇರಿ, ನನ್ನನ್ನು ನೀರಲ್ಲೇ ಬಿಟ್ಟು, ದಿನಾ ಬೆಳಿಗ್ಗೆ ನೀರಿನ ಸುದ್ದಿ ಮಾತಾಡಿದಳು. ಗಂಡ ಹೋದಾಗಲೂ ನನಗೆ ಇಂಥ ಸಿಟ್ಟು ಬಂದಿರಲಿಲ್ಲ. ಅವರು ಹೋಗುತ್ತೇನೆಂಬುದನ್ನು ಮುಚ್ಚಿಟ್ಟಿರಲಿಲ್ಲ.

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಮಿಸ್ರಿ ಬಿಡ್ತಿದ್ದಿಲ್ಲ. ನನ್ನ ಬಿಡ್ತಿದ್ದಿ." ಅವಳ ದನಿ ಏರಲಿಲ್ಲ. "ಔರಾದದ ನಮ್ಮ ದೊಡ್ಡಕ್ಕ ಮಿಸ್ರಿ ಬಿಟ್ಟು ನಿನಗ ಬುದ್ಧಿ ಹೇಳಿದಾಗ ಏನ್ ಮಾಡಿದಿ? ಎರಡು ವರ್ಷ ಆಕಿ ಕೂಡ ಮಾತಾಡಲಿಲ್ಲ. ಇಡೀ ದಿನ ನೀ ಟೀಚರ್, ವೈನಿ. ಸುಲೂ ಅದು ತಗೊಂಬಾ, ಸುಲೂ ಇದು ಸರೀ ಮಾಡು. ಆ ಅರ್ಧ ತಾಸು ಅಷ್ಟೇ ನೀ ನನ್ನಾಕಿ. ಅದನ್ನ ನಾ ಹ್ಯಾಂಗ ಬಿಡ್ಲಿ?"

"ಹೊರಗೆ ಹೋಗು," ಎಂದೆ.

ಹೋದಳು. ಅಂದಿನಿಂದ ಅವಳ ಜೊತೆ ಮಾತು ಬಿಟ್ಟೆ.

ಆ ಮೂರು ವಾರ ಬರೆಯಲು ಕಷ್ಟ. ಹಲ್ಲು ಕಿತ್ತ ಬಾಯಿ. ಮಿಸ್ರಿ ಇಲ್ಲದೆ ಕೈ ನಡುಗುವುದು, ತಲೆ ಸಿಡಿಯುವುದು, ಯಾರು ಏನು ಅಂದರೂ ಕಣ್ಣಲ್ಲಿ ನೀರು. ನಾಲ್ಕು ದಿಂಬು ಇಟ್ಟುಕೊಂಡು ಕೂತೇ ನಿದ್ದೆ. ಯಾರ ಮೇಲೆ ಸಿಟ್ಟು ಎಂದು ಎಣಿಸುತ್ತ ಕೂರುತ್ತಿದ್ದೆ. ಆಣೆ ಮುರಿದ ಸುಲೂ. ನೋವು ಕಳೆದ ಅತ್ತೆಯ ಆ ಬೆರಳು. ಸ್ಟಾಫ್ ರೂಮಿನಲ್ಲಿ ಸೈನ್ಸ್ ಟೀಚರಿನ ಪಕ್ಕದಲ್ಲೇ ಮೂವತ್ತು ವರ್ಷ ಕೂತು ಏನೂ ಕಲಿಯದ ನಾನು. ಕಡೆಗೆ ಈ ಕಾಲುಗಳು. ನಾಲ್ಕು ವರ್ಷದಿಂದ ನೋಯುತ್ತ ಹೇಳುತ್ತಿದ್ದವು ಪಾಪ, ನಾನೇ ಕೇಳಲಿಲ್ಲ. ಆದರೂ ಅವುಗಳ ಮೇಲೂ ಸಿಟ್ಟು.

ಹತ್ತನೆಯ ದಿನ ಬಚ್ಚಲ ಬಾಗಿಲಲ್ಲಿ ಮತ್ತೆ ಬಿದ್ದೆ. ಎಚ್ಚರವಾದಾಗ ಅದೇ ತೊಡೆ. ಒದ್ದೆ ಸೀರೆ. ಅವಳು ನನ್ನ ಎದೆ ತಿಕ್ಕುತ್ತಿದ್ದಳು. "ವೈನಿ, ಮಾತು ಬ್ಯಾಡ. ಉಸುರು ತಗೋ, ಅಷ್ಟ ಸಾಕು," ಎಂದಳು. ನಾನು ಉಸಿರು ತೆಗೆದುಕೊಂಡೆ. ಮಾತಾಡಲಿಲ್ಲ. ಆಗಲೂ.

ಬಯಾಪ್ಸಿ ರಿಪೋರ್ಟ್ ಬಂತು. ಕ್ಯಾನ್ಸರ್ ಇಲ್ಲ. ಆದರೆ ಮೂರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು.

ಹೈದರಾಬಾದಿಗೆ ಹೊರಟ ದಿನ ಸುಲೂ ಕಾರು ಹತ್ತಲು ಬಂದಳು. "ವೀಣಾ ಒಬ್ಬಳೇ ಸಾಕು," ಎಂದು ನಾನು ಬಾಡಿಗೆ ಕಾರಿನ ಡ್ರೈವರ್ ಕಡೆ ನೋಡಿಕೊಂಡು ಹೇಳಿದೆ. ಅವಳು ಬಾಗಿಲು ಮುಚ್ಚಿ ಹಿಂದೆ ಸರಿದಳು. ಹುಮನಾಬಾದ್ ದಾರಿ ಬಿಟ್ಟು ಜಹೀರಾಬಾದ್ ಕಡೆ ತಿರುಗುವವರೆಗೂ ನಾನು ಹಿಂದೆ ನೋಡಲಿಲ್ಲ. ನೋಡಿದ್ದರೂ ಏನು ಕಾಣುತ್ತಿತ್ತು?

ಸಹಿ ಹಾಕುವ ಮುಂಚೆ ಡಾಕ್ಟರು ಎಲ್ಲ ಇನ್ನೊಮ್ಮೆ ಹೇಳಿದರು. ಪೂರ್ತಿ ಮಲಗಿಸುವುದಿಲ್ಲ, ಕತ್ತಿಗೆ ಮಾತ್ರ ಮರಗಟ್ಟಿಸುತ್ತೇವೆ, ಮಂಪರು ಇರುತ್ತದೆ. ನೀವು ಮಾತಾಡುತ್ತಿರಬೇಕು. ಮಾತು ನಿಂತರೆ, ತೊದಲಿದರೆ, ಮಿದುಳಿಗೆ ರಕ್ತ ಸಾಲುತ್ತಿಲ್ಲ ಎಂದು ನಮಗೆ ಗೊತ್ತಾಗುತ್ತದೆ. ಬಲಗೈಯಲ್ಲಿ ಒಂದು ರಬ್ಬರ್ ಚೆಂಡು ಕೊಡುತ್ತೇವೆ, ಹೇಳಿದಾಗ ಒತ್ತಬೇಕು.

"ಏನು ಮಾತಾಡಲಿ?"

"ಏನಾದರೂ. ಇಷ್ಟವಾದದ್ದು."

ಕ್ಯಾಥ್ ಲ್ಯಾಬಿನ ಚಳಿ ನೆನಪಿದೆ. ಕತ್ತಿನ ಎಡಕ್ಕೆ ಸೂಜಿ. ಆಮೇಲೆ ಯಾರೋ ಅಂಗಡಿಯ ಶಟರ್ ಎಳೆದ ಹಾಗೆ ಒತ್ತಡ, ನೋವಿಲ್ಲ. ಮುಖದ ಮೇಲೆ ಹಸಿರು ಬಟ್ಟೆ. ಶಾಲೆಯ ಹಳೆಯ ಪದ್ಯವೊಂದನ್ನು ಇಂಗ್ಲಿಷಿನಲ್ಲಿ ಶುರು ಮಾಡಿದ್ದು ಗೊತ್ತು. ಎರಡು ಸಾಲು. ಅಲ್ಲಿಂದ ಮುಂದೆ ಮಂಪರು. ಒಂದು ಕ್ಷಣ ಎದೆಯಲ್ಲಿ ಹಕ್ಕಿ ಹಿಡಿದು ಅದುಮಿದ ಹಾಗಾಯಿತು. ಆಮೇಲೆ ಯಾರೋ "ಓಕೆ, ಬ್ಯೂಟಿಫುಲ್" ಎಂದರು.

ಐಸಿಯುನಲ್ಲಿ ಎಚ್ಚರವಾದಾಗ ನಾನು ಮಾಡಿದ ಮೊದಲ ಕೆಲಸ ಬಲಗೈ ಬೆರಳು ಅಲ್ಲಾಡಿಸಿದ್ದು. ಅಲ್ಲಾಡಿದವು. ಎರಡನೆಯದು ಉಸಿರು. ಒಳಗೆ ಹೋಯಿತು. ಇನ್ನೂ ಹೋಯಿತು. ಎಷ್ಟು ತಿಂಗಳಾಗಿತ್ತು ಆ ತಳ ಮುಟ್ಟಿ.

ನರ್ಸ್ ಕಲಬುರ್ಗಿ ಕಡೆಯ ಹುಡುಗಿ, ಕ್ಯಾಥ್ ಲ್ಯಾಬಿನಲ್ಲೂ ಇದ್ದವಳು. ಬ್ಯಾಂಡೇಜ್ ನೋಡುತ್ತ ಕೇಳಿದಳು, "ಅಮ್ಮಾ, ಸುಲೂ ಅಂದ್ರ ಯಾರ್ರಿ?"

"ಯಾಕ?"

"ಒಳಗ ಪೂರಾ ಹೊತ್ತು ಅವರನ್ನೇ ಬೈಲಿಕತ್ತಿದ್ರಿ. ಇದ್ದಲಿ ಅಂದ್ರಿ, ಕಳ್ಳಿ ಅಂದ್ರಿ, ನನ್ನ ಒಬ್ಬಾಕಿನ್ನೇ ಬಿಟ್ಟು ಹೋದಿ ಅಂದ್ರಿ. ಡಾಕ್ಟರಿಗಿ ಕನ್ನಡ ತಿಳೀದಿಲ್ಲ. ಏನಂತಾರ ಅಂತ ನನ್ನ ಕೇಳಿದ್ರು. ಬೈಲಿಕತ್ತಾರ ಸರ್ ಅಂದೆ. ತಪ್ಪಿಲ್ಲದ ಬೈತಾರೇನು ಅಂದ್ರು. ಭಾಳ ಚಂದ ಬೈತಾರ ಸರ್ ಅಂದೆ. ಹಂಗಾದ್ರ ಬೈಲಿ, ಮಿದುಳು ಛಲೋ ಅದ ಅಂದ್ರು."

ನಗಲು ಹೋದೆ. ಕತ್ತಿನ ಹೊಲಿಗೆ ಜಗ್ಗಿತು. ನೀರು ಬಂತು ಕಣ್ಣಲ್ಲಿ, ಹೊಲಿಗೆಗೆ ಬಂತೋ ಏತಕ್ಕೆ ಬಂತೋ.

ಆರನೆಯ ದಿನ ಮನೆ. ವೀಣಾ ಆ ಬೈಗುಳದ ಸುದ್ದಿಯನ್ನೆಲ್ಲ ಸುಲೂಗೆ ಹೇಳಿಬಿಟ್ಟಿದ್ದಳು. ಸುಲೂ ಗಂಜಿ ತಂದಿಟ್ಟು ಮಂಚದ ಕಾಲ ಬಳಿ ನಿಂತಳು.

"ಏನೇನು ಬೈದಿ ಅಂತ?"

ನಾನು ಗಂಜಿ ಕಲಕಿದೆ.

"ನೆನಪಾದಾಗ ಹೇಳು. ಜವಾಬು ನನ್ನಲ್ಲೂ ಅದ."

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಗೋಡೆ ಹಿಡಿಯದೆ, ನಾನೇ ಹಿತ್ತಲಿಗೆ ನಡೆದೆ. ಮೀನಖಂಡ ಹಿಡಿಯಿತು. ಕಾಲು ರಿಪೇರಿ ಆಗಿಲ್ಲ, ಆಗುವುದೂ ಇಲ್ಲ. ಅವುಗಳಿಗೆ ಮಾತ್ರೆ ಇದೆ, ನಿಧಾನ ನಡೆಯಬೇಕು ಅಷ್ಟೆ. ಕಟ್ಟೆಯ ಮೇಲೆ ಸುಲೂ ಒಬ್ಬಳೇ ಕೂತಿದ್ದಳು. ಬೆರಳು ಸ್ವಚ್ಛವಾಗಿದ್ದವು. ಸ್ವಲ್ಪ ಸರಿದು ಜಾಗ ಮಾಡಿದಳು. ಕೂತೆ. ಇಬ್ಬರಿಗೂ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕಡೆಗೆ ನಾನೇ ಕೇಳಿದೆ. "ಬಯಾಪ್ಸಿಗೆ ಯಾರ ಕೂಡ ಹೋಗಿದ್ದಿ?"

"ಒಬ್ಬಾಕಿನೇ."

"ನನಗ ಏನು ಹೇಳಿ ಹೋಗಿದ್ದಿ?"

"ಭಾಲ್ಕಿಗಿ, ಗಂಡನ ಮನಿಗಿ ಹೋಗ್ತೇನಿ ಅಂದಿದ್ದೆ. ಬರುವಾಗ ರೊಟ್ಟಿಗಿ ಅವರ ಮನಿ ಶೇಂಗಾ ಹಿಂಡಿ ತಗೊಂಬಾ ಅಂದಿದ್ದಿ ನೀ."

"ತಂದಿದ್ದಿಯಲ್ಲ?"

"ಚೌಬಾರಾದ ಅಂಗಡ್ಯಾಗ ತಗೊಂಡೆ. ಬಾಯಾಗ ಹೊಲಿಗಿ ಇತ್ತು, ಅಂಗಡ್ಯಾವ್ಗ ಬೆರಳು ಮಾಡಿ ತೋರಿಸಿದೆ. ನೀ ಉಂಡು, ಭಾಲ್ಕಿ ಹಿಂಡಿ ರುಚಿ ಬೀದರಾಗ ಎಲ್ಲಿ ಸಿಗ್ತದ ಅಂದಿ."

ಅಂದಿದ್ದೆ. ನೆನಪಿದೆ. ಆ ದಿನ ಅವಳು ಊಟ ಮಾಡಲಿಲ್ಲ. ಭಾಲ್ಕಿಯಲ್ಲಿ ಜಾಸ್ತಿ ತಿಂದಿದ್ದಾಳೆ ಎಂದುಕೊಂಡಿದ್ದೆ. ಮುಖ ಎತ್ತಿ ನೋಡಿರಲಿಲ್ಲ.

ಕ್ಷಮಿಸಿದ್ದೇನೆಯೇ ಎಂದು ವೀಣಾ ಕೇಳುತ್ತಾಳೆ. ಇಲ್ಲ, ಇನ್ನೂ ಇಲ್ಲ. ಒಂದೊಂದು ದಿನ ಅವಳ ಮುಖ ನೋಡಿದರೆ ಇದ್ದಲಿಯೇ ಕಾಣುತ್ತದೆ. ಆದರೆ ಆ ಆರು ವರ್ಷವನ್ನು ಮೊದಲಿಂದ ಹೇಳು ಎಂದಿದ್ದೇನೆ, ಏನನ್ನೂ ಬಿಡದೆ. ದಿನಾ ಬೆಳಿಗ್ಗೆ ಸ್ವಲ್ಪ ಸ್ವಲ್ಪ ಹೇಳುತ್ತಾಳೆ. ನಡುವೆ ನಾನು ಬೈಯುತ್ತೇನೆ, ಅವಳು ಜವಾಬು ಕೊಡುತ್ತಾಳೆ. ಇನ್ನೂ ಮೊದಲನೆಯ ವರ್ಷದ ದೀಪಾವಳಿ ದಾಟಿಲ್ಲ. ಪೂರ್ತಿ ಕೇಳಲಿಕ್ಕೆ ನನಗೀಗ ಉಸಿರಿದೆ.